ಕೋಲಾರ ಸೀಮೆ ಮತ್ತು ಮೈಸೂರು ಸಂಸ್ಥಾನದ ಸೈನಿಕರ ಬಾಕಿ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ರಾಬರ್ಟ್‌ಸನ್‌ಪೇಟೆ ಮತ್ತು ಬಂಗಾರಪೇಟೆಗಳ ಹೆಸರು ಕೇಳಿದೊಡನೆ ಚಿನ್ನದ ಗಣಿಗಳು ನೆನಪಿಗೆ ಬರುವುದು ಸಹಜ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನಿಂದ ಒಂದು ಪೇಟೆ ಬೆಳೆಯಿತು. ಕಮಿಷನರ್ ಲೆವಿನ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು ಮುಂದೆ ಬಂಗಾರಪೇಟೆಯಾಯಿತು. ಆದರೆ ಗಣಿಗಳು ತೆರೆಯುವುದಕ್ಕೆ ಬಹುಕಾಲ ಮೊದಲೇ ಈ ಪ್ರದೇಶವು ಸೈನಿಕರ ಸೀಮೆಯಾಗಿತ್ತು. ಮೈಸೂರಿನ ಪ್ರಸ್ಥಭೂಮಿಯಿಂದ ಬಾರಾಮಹಲಿಗೂ ಕರ್ನಾಟಿಕ್ ಬಯಲಿಗೂ ಇಳಿಯುವ ದಾರಿಗಳು ಇಲ್ಲಿಂದಲೇ ಹಾದುಹೋಗುತ್ತಿದ್ದುದರಿಂದ ಪ್ರತಿಯೊಂದು ರಾಜಸತ್ತೆಯೂ ಇಲ್ಲಿ ಕಾವಲು ಪಡೆಗಳನ್ನು ಇಡಬೇಕಾಯಿತು. ಆ ಪಡೆಗಳಿಗೆ ಭೂಮಿಯನ್ನೋ ಸಂಬಳವನ್ನೋ ಕೊಡಬೇಕಾದ ಹೊಣೆಯನ್ನು ಹೊರಬೇಕಾಯಿತು.

ಸೇವೆ ಮಾಡಿದ ಸೈನಿಕನಿಗೆ ರಾಜ್ಯವು ಸಲ್ಲಿಸಬೇಕಾದ ಋಣವನ್ನು ಮೈಸೂರು ಸಂಸ್ಥಾನವು ಹೇಗೆ ನಿರ್ವಹಿಸಿತು, ರಾಜ್ಯದ ವೆಚ್ಚದ ಆದ್ಯತೆಗಳಲ್ಲಿ ಆ ಋಣಕ್ಕೆ ದೊರೆತ ಸ್ಥಾನವೇನು ಎಂಬುದನ್ನು ಪ್ರಸ್ತುತ ಲೇಖನವು ಕೋಲಾರ ಸೀಮೆಯನ್ನು ನೆಲೆಯಾಗಿಟ್ಟುಕೊಂಡು ಪರಿಶೀಲಿಸುತ್ತದೆ. 1799ರ ನಂತರ ಸಂಸ್ಥಾನದ ಆಯವ್ಯಯದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸಲ್ಲಬೇಕಾದ ಪೊಗದಿಯು ಮೊದಲ ಋಣವಾಯಿತು. ನಾಡಿನ ಸೈನಿಕನ ಸಂಬಳ, ಮಾನ್ಯ, ಉಂಬಳಿಗಳು ಉಳಿಕೆಯ ಹಣದಿಂದ ತೀರಬೇಕಾದ ಬಾಬುಗಳಾದವು. ಹಣದ ಮುಗ್ಗಟ್ಟು ಬಂದಾಗಲೆಲ್ಲ ಕಡಿತವು ಈ ಬಾಬುಗಳ ಮೇಲೆಯೇ ಬಿದ್ದಿತು ಎಂಬುದು ಇಲ್ಲಿ ಪ್ರತಿಪಾದಿಸುವ ಮುಖ್ಯ ವಿಚಾರ.

ಶಾಸನಗಳಲ್ಲಿ ಸೈನಿಕನ ಋಣ

ಸೈನಿಕನಿಗೆ ಸಲ್ಲಬೇಕಾದುದನ್ನು ರಾಜ್ಯವು ಬಹಿರಂಗವಾಗಿ ಒಪ್ಪಿಕೊಂಡ ಅತ್ಯಂತ ಹಳೆಯ ದಾಖಲೆಗಳೆಂದರೆ ವೀರಗಲ್ಲುಗಳು. ಬಿ. ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಗೇ ಮೀಸಲಾದುದು. ಗಂಗರು, ಬಾಣರು, ನೊಳಂಬರು ಪರಸ್ಪರ ಕಾದಾಡಿದ ಈ ನಾಡಿನಲ್ಲಿ ತುರುಗೊಳ್, ಊರಳಿವು ಮೊದಲಾದ ಸಂದರ್ಭಗಳಲ್ಲಿ ಮಡಿದವರ ಕಲ್ಲುಗಳು ಹೇರಳವಾಗಿವೆ. ಇಂತಹ ಶಾಸನಗಳಲ್ಲಿ ಬರುವ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಪಾರಿಭಾಷಿಕ ಪದಗಳು ಗಮನಾರ್ಹವಾದವು. ಬಾಳ್ಗಚ್ಚು ಎಂದರೆ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿ. ನೆತ್ತರುಗೊಡಗೆ ಎಂದರೆ ಚೆಲ್ಲಿದ ರಕ್ತಕ್ಕೆ ಪ್ರತಿಯಾಗಿ ಮಡಿದವನ ಮನೆಯವರಿಗೆ ಬಿಡುವ ಭೂಮಿ.

ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತ ಪ್ರಸಿದ್ಧ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನ. ಸುಮಾರು ಕ್ರಿ.ಶ. 890ರದೆಂದು ಪರಿಗಣಿಸಲಾದ ಈ ಶಾಸನದಂತೆ, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದ ತರುವಾಯ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕಲ್ಲಿನಲ್ಲಿ ಕಂಡರಿಸಿರುವುದು ಇಲ್ಲಿನ ವಿಶೇಷ. ಊರಿನ ಕಣ್ಣೆದುರಿಗೆ ನಿಂತ ಇಂತಹ ಕಲ್ಲು ಸ್ಮಾರಕವೂ ಹೌದು, ದತ್ತಿಪತ್ರವೂ ಹೌದು. ಮುಂದಿನ ಅರಸರು ದತ್ತಿಗಳನ್ನು ಅಳಿದುದುಂಟು. ಆದರೆ ಹಾಗೆ ಅಳಿಯುವುದು ಪಾಪವೆಂಬ ಶಾಪಾಶಯವನ್ನು ಎದುರಿಸಿಯೇ ಅಳಿಯಬೇಕಾಗಿತ್ತು. ಸೈನಿಕನ ಪ್ರತಿಫಲವು ಭೂಮಿಯ ರೂಪದಲ್ಲಿ ಇದ್ದಷ್ಟು ಕಾಲ ಅದು ಊರಿನ ಅರಿವಿನೊಳಗೇ ಇದ್ದಿತು. ಅದು ನಗದಿನ ರೂಪ ತಾಳಿದ ಮೇಲೆ ಬಾಕಿ ಎಂಬ ಮಾತು ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರತೊಡಗಿತು.

ಬೂದಿಕೋಟೆಯ ಮನೆತನ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳ. ಅವನ ತಂದೆ ಫತೇ ಮಹಮ್ಮದನು ಸಿರಾ ಸುಬೇದಾರರ ಕೈಕೆಳಗೆ ಕೋಲಾರದ ಫೌಜುದಾರನಾಗಿ, ಬೂದಿಕೋಟೆಯನ್ನು ಜಹಗೀರಾಗಿ ಪಡೆದಿದ್ದನು. ಹೈದರನು ಇನ್ನೂ ಬಾಲಕನಾಗಿದ್ದಾಗ ಫತೇ ಮಹಮ್ಮದನು ಯುದ್ಧದಲ್ಲಿ ಮಡಿದನು. ಅನಂತರದ ಘಟನೆಯನ್ನು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ವಿವರಿಸಿದ್ದಾನೆ. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನನು ಮೃತನಿಂದ ತನಗೆ ಹಣ ಬರಬೇಕೆಂಬ ನೆಪವೊಡ್ಡಿ ವಿಧವೆಯ ಸೊತ್ತನ್ನು ಕಿತ್ತುಕೊಂಡನು. ಅಷ್ಟಕ್ಕೇ ತೃಪ್ತನಾಗದೆ ಶಹಬಾಜ್ ಮತ್ತು ಹೈದರ್ ಎಂಬ ಇಬ್ಬರು ಮಕ್ಕಳನ್ನು ನಗಾರಿಯೊಳಗೆ ಕೂಡಿಸಿ ಚರ್ಮವನ್ನು ಬಿಗಿದು ಹಿಂಸಿಸಿದನು. ತಾಯಿಯು ಉಳಿದುದನ್ನೆಲ್ಲ ಒಪ್ಪಿಸಿ ಮಕ್ಕಳನ್ನು ಬಿಡಿಸಿಕೊಂಡು ಬೆಂಗಳೂರಿಗೆ ಹೊರಟುಹೋದಳು. 1761ರಲ್ಲಿ ಹೈದರನು ದೊಡ್ಡಬಳ್ಳಾಪುರವನ್ನು ವಶಪಡಿಸಿಕೊಂಡಾಗ ಅಬ್ಬಾಸ್ ಕುಲಿಯು ಮದರಾಸಿಗೆ ಪಲಾಯನ ಮಾಡಿದನು.

ಈ ಪ್ರಸಂಗವನ್ನು ಹೈದರನ ಬಾಲ್ಯದ ಕರುಣಕಥೆಯಾಗಿ ಮಾತ್ರ ನೋಡುವುದು ಸಾಲದು. ಅಂದಿನ ವ್ಯವಸ್ಥೆಯಲ್ಲಿ ಜಹಗೀರು ಸೇವೆಗೆ ಅಂಟಿಕೊಂಡಿದ್ದಿತೇ ಹೊರತು ಕುಟುಂಬಕ್ಕಲ್ಲ. ದಂಡನಾಯಕನು ಸತ್ತೊಡನೆ ಲೆಕ್ಕವು ತಿರುಗುಮುರುಗಾಗಿ, ರಾಜ್ಯದಿಂದ ಪಡೆಯಬೇಕಾದ ಮನೆಯೇ ಕೊಡಬೇಕಾದ ಮನೆಯಾಗಬಹುದಿತ್ತು. ನೆತ್ತರುಗೊಡಗೆಯ ಕಾಲದ ಕಲ್ಪನೆಗೂ ಇದಕ್ಕೂ ಇರುವ ದೂರವು ಸ್ಪಷ್ಟ.

ಇದೇ ಹೈದರನು ಅಧಿಕಾರದ ಮೆಟ್ಟಿಲೇರಿದ್ದು ಸೈನಿಕರ ಬಾಕಿಯ ಪ್ರಶ್ನೆಯಿಂದ. 1758ರಲ್ಲಿ ದಳವಾಯಿ ನಂಜರಾಜಯ್ಯನ ಕಾಲದಲ್ಲಿ ಸಂಬಳ ಬಾರದ ಸೈನಿಕರು ಶ್ರೀರಂಗಪಟ್ಟಣದಲ್ಲಿ ಧರಣಿ ಕುಳಿತರು. ಖಜಾನೆ ಬರಿದಾಗಿತ್ತು. ಮಧ್ಯಸ್ಥಿಕೆಗೆ ಬಂದ ಹೈದರನು ಅರಮನೆಯ ಆನೆ ಕುದುರೆಗಳನ್ನೂ ಇತರ ಸರ್ಕಾರಿ ಸೊತ್ತನ್ನೂ ಹಂಚಿ ಬಾಕಿಯನ್ನು ತೀರಿಸಿದನು. ಆದರೆ ಬಾಕಿ ತೀರಿದ ಬೆನ್ನಲ್ಲೇ ಸುಮಾರು 4,000 ಸವಾರರನ್ನು ಸೇವೆಯಿಂದ ಬಿಡಿಸಲಾಯಿತು. ಧರಣಿಯ ಮುಂದಾಳುಗಳ ಸೊತ್ತನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಮರುವರ್ಷ ಬಾಕಿಯ ಕೂಗು ಮತ್ತೆ ಎದ್ದಾಗ ನಂಜರಾಜಯ್ಯನು ಅಧಿಕಾರದಿಂದ ಹಿಂದೆ ಸರಿಯಬೇಕಾಯಿತು. ಸೈನ್ಯದ ವೆಚ್ಚಕ್ಕೆಂದು ಮತ್ತಷ್ಟು ಪ್ರದೇಶಗಳ ಕಂದಾಯವು ಹೈದರನ ಕೈಗೆ ಬಂದಿತು. ಸೈನಿಕನ ನ್ಯಾಯವಾದ ಬೇಡಿಕೆಯು ಇನ್ನೊಬ್ಬರ ಅಧಿಕಾರದ ಸಾಧನವಾಗಬಲ್ಲದು, ಬೇಡಿಕೆ ಈಡೇರಿದ ಮೇಲೂ ಬೇಡಿದವನು ದಂಡ ತೆರಬೇಕಾಗಬಹುದು ಎಂಬ ಎರಡು ಅಂಶಗಳು ಇದರಿಂದ ವಿಶದವಾಗುತ್ತವೆ.

1799: ವಿಸರ್ಜಿತ ಸೈನ್ಯ ಮತ್ತು ಪೂರ್ಣಯ್ಯನವರ ಉಪಾಯ

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡು ಟಿಪ್ಪು ಸುಲ್ತಾನನು ಮಡಿದ ಮೇಲೆ ಅವನ ಅಪಾರ ಸೈನ್ಯವು ಒಮ್ಮೆಲೇ ನಿರುದ್ಯೋಗಕ್ಕೆ ಗುರಿಯಾಯಿತು. ರಾಜಮನೆತನದವರಿಗೂ ಕೆಲವು ಉನ್ನತ ಅಧಿಕಾರಿಗಳಿಗೂ ವಿಶ್ರಾಂತಿವೇತನ, ಜಹಗೀರುಗಳು ದೊರೆತವು. ಸಾಮಾನ್ಯ ಸವಾರನಿಗೂ ಕಾಲಾಳಿಗೂ ಅಂತಹ ಆಶ್ರಯವಿರಲಿಲ್ಲ. ಶ್ರೀರಂಗಪಟ್ಟಣದ ಸೆರೆಮನೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘನು ಅಲ್ಪಕಾಲದಲ್ಲಿಯೇ ದೊಡ್ಡ ಪಡೆ ಕಟ್ಟಲು ಸಾಧ್ಯವಾದುದು ಹೀಗೆ ದಿಕ್ಕೆಟ್ಟ ಸೈನಿಕರಿಂದ. ಆರ್ಥರ್ ವೆಲ್ಲೆಸ್ಲಿಯು ಅವನನ್ನು ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಸೋಲಿಸಿ ಕೊಲ್ಲುವವರೆಗೆ ಉತ್ತರ ಮೈಸೂರು ತಳಮಳದಲ್ಲಿತ್ತು. ಕೋಲಾರ ಸೀಮೆಯ ಪೂರ್ವಕ್ಕಿರುವ ವೆಲ್ಲೂರಿನಲ್ಲಿ ಟಿಪ್ಪುವಿನ ಕುಟುಂಬವನ್ನು ಇರಿಸಿದ್ದರಿಂದ ಮೈಸೂರಿನ ಹಳೆಯ ಪರಿವಾರದವರು ಬಹುಮಂದಿ ಅಲ್ಲಿ ನೆಲೆಸಿದರು. 1806ರ ಜುಲೈ 10ರ ವೆಲ್ಲೂರು ದಂಗೆಗೆ ಕಂಪನಿಯ ಸಿಪಾಯಿಗಳ ಮೇಲೆ ಹೇರಿದ ಹೊಸ ಶಿರಸ್ತ್ರಾಣ ಮತ್ತು ವೇಷಭೂಷಣಗಳ ನಿಯಮವು ತಕ್ಷಣದ ಕಾರಣವಾದರೂ, ಕೋಟೆಯ ಸುತ್ತ ನೆರೆದಿದ್ದ ಈ ಜನರ ಇರವನ್ನು ಅಧಿಕಾರಿಗಳು ಅಂದೇ ಆತಂಕದಿಂದ ಗುರುತಿಸಿದರು.

ದಿವಾನ್ ಪೂರ್ಣಯ್ಯನವರು ಸಮಸ್ಯೆಯ ಆಳವನ್ನು ಅರಿತಿದ್ದರು. ಟಿಪ್ಪುವಿನ ಕಾಲದ ಆಡಳಿತದಲ್ಲಿಯೂ ಇದ್ದ ಅವರಿಗೆ ಈ ಸೈನಿಕರು ಅಪರಿಚಿತರಲ್ಲ. ಅವರು ಕೈಗೊಂಡ ವ್ಯವಸ್ಥೆಗೆ ಮೂರು ಅಂಗಗಳಿದ್ದವು: ಸಿಲ್ಲೇದಾರ ಕುದುರೆ ಪಡೆ, ಬಾರು ಎಂಬ ಕಾಲಾಳು ಪಡೆ, ಕಂದಾಚಾರ ಎಂಬ ಗ್ರಾಮರಕ್ಷಕ ಪಡೆ. ವಿಲ್ಕ್ಸ್‌ನ ವರದಿಯ ಪ್ರಕಾರ ಕಂದಾಚಾರದವರ ಸಂಖ್ಯೆಯೇ 20,000ವನ್ನು ಮೀರಿತ್ತು. ಇವರು ತಮ್ಮ ಊರಿನಲ್ಲಿಯೇ ಇದ್ದು, ಬೇಸಾಯ ಮಾಡಿಕೊಂಡು, ಕೋಟೆ, ಕಣಿವೆ, ಖಜಾನೆಗಳ ಕಾವಲನ್ನು ನೋಡಿಕೊಳ್ಳುತ್ತಿದ್ದರು. ಪ್ರತಿಫಲದ ಒಂದು ಭಾಗ ಭೂಮಿಯ ಮೂಲಕವೂ ಇನ್ನೊಂದು ಭಾಗ ನಗದಾಗಿಯೂ ಸಲ್ಲುತ್ತಿತ್ತು. ಆಯುಧ ಹಿಡಿದು ಬದುಕಿದವನಿಗೆ ಊರಿನಲ್ಲೇ ಒಂದು ಸ್ಥಾನ ಕಲ್ಪಿಸಿದರೆ ಅವನು ದಂಗೆಯ ಕಡೆಗೆ ಹೋಗಲಾರನೆಂಬುದು ಪೂರ್ಣಯ್ಯನವರ ಎಣಿಕೆ. ಮಾಜಿ ಸೈನಿಕರ ಪುನರ್ವಸತಿ ಎಂಬ ಆಧುನಿಕ ಪರಿಭಾಷೆ ಅಂದು ಇರಲಿಲ್ಲ; ಆದರೆ ಅದರ ತಿರುಳು ಈ ವ್ಯವಸ್ಥೆಯಲ್ಲಿ ಇದ್ದಿತು.

ಸಿಲ್ಲೇದಾರನ ಸ್ಥಿತಿ ಇದಕ್ಕಿಂತ ಭಿನ್ನ. ಕುದುರೆಯೂ ಆಯುಧವೂ ಅವನ ಸ್ವಂತದವು. ಅವನಿಗೆ ಬರುವ ಸಂಬಳದಲ್ಲಿಯೇ ಕುದುರೆಯ ಮೇವು, ಲಾಳ, ಸವಾರನ ಊಟ ಎಲ್ಲವೂ ಸಾಗಬೇಕು. ಇತರರ ಕುದುರೆಯನ್ನೇರಿ ದುಡಿಯುವವನು ಬಾರ್ಗೀರ. ಕುದುರೆ ಸತ್ತರೆ ಸಿಲ್ಲೇದಾರನ ಬಂಡವಾಳವೇ ಹೋದಂತೆ. ಆದ್ದರಿಂದ ಸಂಬಳ ಕೆಲವು ತಿಂಗಳು ತಡವಾದರೂ ಅವನು ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ರಾಜ್ಯಕ್ಕೆ ಇದು ಅಗ್ಗದ ಪಡೆ. ಸವಾರನಿಗೆ ನಷ್ಟಭಯದ ವೃತ್ತಿ. 1807ರ ಪೂರಕ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕಾಯಿತು. 1803ರ ಮರಾಠಾ ಯುದ್ಧದಲ್ಲಿ ವೆಲ್ಲೆಸ್ಲಿಯ ಜೊತೆಗೂ 1817ರ ಡಿಸೆಂಬರ್ 21ರ ಮಹೀದ್‌ಪುರ ಕಾಳಗದಲ್ಲಿಯೂ ಮೈಸೂರಿನ ಸವಾರರು ಭಾಗವಹಿಸಿದ್ದರು. ಅವರು ಕಾದಿದ್ದು ಕಂಪನಿಯ ಯುದ್ಧಗಳಲ್ಲಿ. ಅವರ ಖರ್ಚು ಬಿದ್ದದ್ದು ಮೈಸೂರಿನ ಮೇಲೆ.

ಪೊಗದಿ ಮತ್ತು ಸಂಬಳ

1799ರ ಜುಲೈ 8ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ 24.5 ಲಕ್ಷ ರೂಪಾಯಿಗಳನ್ನು, ಕಂಪನಿಯ ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಕೊಡಬೇಕಾಗಿತ್ತು. ಈ ಹಣಕ್ಕೆ ಅಡ್ಡಿ ಬಂದೀತೆಂದು ಗವರ್ನರ್ ಜನರಲ್‌ಗೆ ತೋರಿದಲ್ಲಿ ರಾಜ್ಯಾಡಳಿತವನ್ನೇ ವಹಿಸಿಕೊಳ್ಳಲು ಒಪ್ಪಂದದಲ್ಲಿ ಅವಕಾಶವಿದ್ದಿತು. ಸ್ವಂತ ಸೈನಿಕನಿಗೆ ಸಂಬಳ ಕೊಡದಿದ್ದರೆ ಒಪ್ಪಂದದಲ್ಲಿ ಅಂತಹ ಯಾವ ಶಿಕ್ಷೆಯೂ ಇರಲಿಲ್ಲ. ಇವೆರಡರ ನಡುವಿನ ಈ ಅಂತರವೇ ಮುಂದಿನ ಮೂವತ್ತು ವರ್ಷಗಳ ಕಥೆಯನ್ನು ನಿರ್ಧರಿಸಿತು.

1810ರಲ್ಲಿ ಅಧಿಕಾರ ವಹಿಸಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪೂರ್ಣಯ್ಯನವರು ಕೂಡಿಟ್ಟಿದ್ದ ಹಣ ಕರಗುತ್ತ ಬಂದಿತು. ದಾನ, ದತ್ತಿ, ಅರಮನೆಯ ವೆಚ್ಚಗಳು ಹೆಚ್ಚಿದವು. ಇತ್ತ ಧಾನ್ಯದ ಬೆಲೆ ಇಳಿದು ಕಂದಾಯ ವಸೂಲಿ ಕುಗ್ಗಿತು. ಅಮಲ್ದಾರರು ಇಂತಿಷ್ಟು ಹಣ ಒಪ್ಪಿಸುತ್ತೇವೆಂದು ಕರಾರು ಮಾಡಿಕೊಳ್ಳುವ ಶರತ್ತಿನ ಪದ್ಧತಿಯು ರೈತನನ್ನು ಹಿಂಡಿತು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು ಹಣಕಾಸಿನ ಸ್ಥಿತಿಯ ಬಗ್ಗೆ ಎಚ್ಚರಿಕೆ ನೀಡಿದನು. ಈ ಅವಧಿಯಲ್ಲಿ ಸೈನಿಕರ ಸಂಬಳ ಬಾಕಿ ಬಿದ್ದಿತು. 1830ರಲ್ಲಿ ನಗರದ ದಂಗೆ ಭುಗಿಲೆದ್ದಾಗ ರಾಜ್ಯವು ನೆಚ್ಚಬೇಕಾದ ಪಡೆಗಳೇ ಹೀಗೆ ಸಂಬಳಕ್ಕಾಗಿ ಕಾದಿದ್ದವು.

1831ರ ಅಕ್ಟೋಬರಿನಲ್ಲಿ ವಿಲಿಯಂ ಬೆಂಟಿಂಕನು ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಪೊಗದಿಗೆ ಕುತ್ತು ಬರುವ ಭಯವೇ ಇದಕ್ಕೆ ಕೊಟ್ಟ ಆಧಾರ. ಆದರೆ ಪೊಗದಿಯು ವಾಸ್ತವವಾಗಿ ಬಾಕಿ ಬಿದ್ದಿರಲಿಲ್ಲವೆಂಬುದನ್ನು ಎಂ. ಶಾಮರಾಯರು ತಮ್ಮ ಇತಿಹಾಸದಲ್ಲಿ ಎತ್ತಿ ತೋರಿಸಿದ್ದಾರೆ. ಈ ವಾದವನ್ನು ಸಾಮಾನ್ಯವಾಗಿ ಒಡೆಯರಿಗಾದ ಅನ್ಯಾಯದ ಸಮರ್ಥನೆಗಾಗಿ ಬಳಸುವುದು ರೂಢಿ. ಅದಕ್ಕೆ ಇನ್ನೊಂದು ಮುಖವೂ ಇದೆ. ಖಜಾನೆಯ ಮುಗ್ಗಟ್ಟಿನ ದಿನಗಳಲ್ಲಿಯೂ ಕಂಪನಿಯ ಕಂತು ತಪ್ಪದೆ ಸಂದಿತು. ತಪ್ಪಿದ್ದು ಸಂಸ್ಥಾನದ ಸವಾರನ, ಕಾಲಾಳಿನ ಸಂಬಳ. ಒಡೆಯರ ಔದಾರ್ಯವೊಂದನ್ನೇ ಇದಕ್ಕೆ ಹೊಣೆ ಮಾಡುವುದಾಗಲಿ, ಕಂಪನಿಯೊಂದನ್ನೇ ದೂರುವುದಾಗಲಿ ಪೂರ್ಣ ಸತ್ಯವಾಗಲಾರದು. ಅರಮನೆಯ ವೆಚ್ಚಕ್ಕೆ ಮಿತಿಯಿರಲಿಲ್ಲ, ಪೊಗದಿಗೆ ವಿನಾಯಿತಿಯಿರಲಿಲ್ಲ; ಇವೆರಡರ ನಡುವೆ ಸೈನಿಕನು ಸಿಕ್ಕಿಕೊಂಡನು.

ಕಮಿಷನರರ ಕಾಲದ ಮಿತವ್ಯಯ

1834ರಿಂದ 1861ರ ವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತವು ಮಿತವ್ಯಯಕ್ಕೆ ಹೆಸರಾದುದು. ಹಳೆಯ ಸಾಲಗಳು ತೀರಿದವು, ರಸ್ತೆಗಳಾದವು, ಸಂಬಳಗಳು ಕ್ರಮವಾಗಿ ಬರತೊಡಗಿದವು. ಬಾಕಿಯ ಪಿಡುಗು ತಪ್ಪಿದುದು ಸೈನಿಕನಿಗೆ ನಿಜವಾದ ಲಾಭ. ಆದರೆ ಪಡೆಯ ಗಾತ್ರ ಇಳಿಯುತ್ತ ಬಂದಿತು. 4,000ದ ಮಟ್ಟದಲ್ಲಿದ್ದ ಸಿಲ್ಲೇದಾರರ ಸಂಖ್ಯೆಯು ಮುಂದಿನ ದಶಕಗಳಲ್ಲಿ ಬಹಳವಾಗಿ ಕುಗ್ಗಿತು. ಬೌರಿಂಗನ ಕಾಲದಲ್ಲಿ, 1860ರ ದಶಕದಲ್ಲಿ, ಇನಾಂ ಭೂಮಿಗಳ ಹಕ್ಕನ್ನು ಪರಿಶೀಲಿಸುವ ಇನಾಂ ಕಮಿಷನ್ ಕೆಲಸ ಆರಂಭಿಸಿತು. ಪೊಲೀಸ್ ಇಲಾಖೆಯ ಹೊಸ ಏರ್ಪಾಡು ಬಂದಂತೆ ಕಂದಾಚಾರವು ಹಂತಹಂತವಾಗಿ ತನ್ನ ಅಸ್ತಿತ್ವವನ್ನು ಕಳೆದುಕೊಂಡಿತು.

ಕೋಲಾರದಂತಹ ಗಡಿಸೀಮೆಯ ಹಳ್ಳಿಗಳಿಗೆ ಈ ಬದಲಾವಣೆಯ ಅರ್ಥ ದೊಡ್ಡದು. ಸೇವೆ ಇಲ್ಲವಾದ ಮೇಲೆ ಸೇವಾಮಾನ್ಯ ಏಕೆ ಎಂಬುದು ಇಲಾಖೆಯ ತರ್ಕ. ಅಜ್ಜನ ಸೇವೆಗೆ ಸಂದ ಭೂಮಿ ಮೊಮ್ಮಗನಿಗೂ ಸಲ್ಲಬೇಕೆಂಬುದು ಹಿಡುವಳಿದಾರನ ನಂಬಿಕೆ. ಒಂದು ತಲೆಮಾರಿಗೆ ಕೊಟ್ಟ ಮಾತನ್ನು ಮುಂದಿನ ತಲೆಮಾರಿನ ಲೆಕ್ಕಪತ್ರವು ಹೊಸದಾಗಿ ಅರ್ಥೈಸಿತು. ಕಲ್ನಾಡಿನ ಶಾಸನವನ್ನು ಊರೇ ಓದಬಹುದಾಗಿತ್ತು; ಇನಾಂ ರಿಜಿಸ್ಟರು ಕಚೇರಿಯ ಸೊತ್ತಾಗಿತ್ತು.

1876-78ರ ಭೀಕರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತು. ಕ್ಷಾಮಕ್ಕೆ ಮೊದಲು ಉಳಿತಾಯ ಹೊಂದಿದ್ದ ಖಜಾನೆಯು 80 ಲಕ್ಷ ರೂಪಾಯಿಗಳ ಸಾಲದಲ್ಲಿ ಮುಳುಗಿತು. 1881ರ ಮಾರ್ಚ್ 25ರಂದು ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಯಿತು. ಕ್ಷಾಮದ ಕಾರಣದಿಂದ ಹೆಚ್ಚಳದ 10.5 ಲಕ್ಷದ ವಸೂಲಿಯನ್ನು 1896ರ ವರೆಗೆ ಮುಂದೂಡಲಾಯಿತಾದರೂ ಹೊಣೆಯೇನೂ ರದ್ದಾಗಲಿಲ್ಲ. ದಿವಾನ್ ರಂಗಾಚಾರ್ಲು ಅವರು ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸುವಷ್ಟು ಕಠಿಣವಾದ ಮಿತವ್ಯಯವನ್ನು ಕೈಗೊಂಡರು. ಸಂಸ್ಥಾನವು ಇಟ್ಟುಕೊಳ್ಳಬಹುದಾದ ಸೈನ್ಯದ ಮೇಲೂ ಹಸ್ತಾಂತರಪತ್ರವು ನಿರ್ಬಂಧ ಹಾಕಿತ್ತು.

ಗಣಿಯ ಕಾಲ

ಕೋಲಾರದ ಚಿನ್ನದ ಚರಿತ್ರೆಯಲ್ಲಿಯೂ ಆರಂಭದ ಹೆಸರುಗಳು ಸೈನಿಕರವೇ. ಮೈಸೂರಿನ ಪೂರ್ವ ಗಡಿಯ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಊರಿಗಾಂ, ಮಾರಿಕುಪ್ಪಂಗಳ ಸುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದನು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಸೇವೆ ಸಲ್ಲಿಸಿ, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ 1873ರಲ್ಲಿ ಅರ್ಜಿ ಸಲ್ಲಿಸಿ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದನು. ಅವನಿಂದ ಹಕ್ಕು ಕೊಂಡವರಲ್ಲಿಯೂ ಸೇನಾಧಿಕಾರಿಗಳಿದ್ದರು. ಒಬ್ಬ ನಿವೃತ್ತ ಸೈನಿಕನು ಹೊಸ ಉದ್ಯಮಕ್ಕೆ ಕೈಹಾಕಲು ಸಾಧ್ಯವಾದ ಅದೇ ದಶಕದಲ್ಲಿ ನಾಡಿನ ಕಂದಾಚಾರದವನು ತನ್ನ ಹಳೆಯ ಸೇವಾಸ್ಥಾನವನ್ನು ಕಳೆದುಕೊಳ್ಳುತ್ತಿದ್ದನು.

1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಬೆಳೆದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಿನ್ನದ ರಾಜಧನವು ಸಂಸ್ಥಾನಕ್ಕೆ ಹೊಸ ಆದಾಯದ ಮೂಲವಾಯಿತು. ಆದರೆ 1896ರಿಂದ ಪೊಗದಿಯು 35 ಲಕ್ಷವಾದುದರಿಂದ, ಈ ನೆಲದ ಸಂಪತ್ತು ಹೆಚ್ಚಿದ ಹೊತ್ತಿಗೇ ಹೊರಗೆ ಹೋಗುವ ಸೇನಾವೆಚ್ಚವೂ ಹೆಚ್ಚಿತು. 10.5 ಲಕ್ಷದ ಹೆಚ್ಚಳವನ್ನು ಬಿಟ್ಟುಕೊಡುವ ನಿರ್ಧಾರ ಹೊರಬಿದ್ದುದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ.

ಇದರ ನಡುವೆ 1890ರ ದಶಕದ ಆರಂಭದಲ್ಲಿ ಸಿಲ್ಲೇದಾರ ಪಡೆಯನ್ನು ಪುನರ್‌ರಚಿಸಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ದಳವನ್ನು ಸಂಸ್ಥಾನದ ಖರ್ಚಿನಲ್ಲಿ ಕಟ್ಟಲಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಕಾಳಗದಲ್ಲಿ ಜೋಧಪುರದ ಸವಾರರೊಡನೆ ಮೈಸೂರು ಲ್ಯಾನ್ಸರ್ಸ್ ಪಾತ್ರ ಪ್ರಸಿದ್ಧ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. ಸ್ವಾತಂತ್ರ್ಯಾನಂತರ ಸಂಸ್ಥಾನದ ಸೇನೆ ಭಾರತೀಯ ಸೇನೆಯಲ್ಲಿ ವಿಲೀನವಾಯಿತು. ಕಾಲಾಳು ದಳವು ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಗಿ ಮೈಸೂರಿನ ಹೆಸರನ್ನು ಉಳಿಸಿಕೊಂಡಿತು. ಕುದುರೆ ದಳವು 1953ರಲ್ಲಿ ರೂಪುಗೊಂಡ 61ನೆಯ ಕ್ಯಾವಲ್ರಿಯಲ್ಲಿ ಸೇರಿತು.

ಉಪಸಂಹಾರ

ಸ್ವತಂತ್ರ ಭಾರತದಲ್ಲಿ ಸೈನಿಕನ ವಿಶ್ರಾಂತಿವೇತನವು ಅರಸನ ಕೃಪೆಯಾಗಿ ಉಳಿಯದೆ ನಿಯಮಬದ್ಧವಾದ ಹಕ್ಕಾಯಿತು. ಆದರೂ ಹಳೆಯ ಪ್ರಶ್ನೆ ಸಂಪೂರ್ಣವಾಗಿ ಬಗೆಹರಿಯಲಿಲ್ಲ. ಮೂರನೆಯ ವೇತನ ಆಯೋಗದ ನಂತರ, 1973ರಿಂದ ತಮ್ಮ ವಿಶ್ರಾಂತಿವೇತನದ ಪ್ರಮಾಣ ಕುಗ್ಗಿತೆಂಬುದು ಮಾಜಿ ಸೈನಿಕರ ದೀರ್ಘಕಾಲದ ದೂರು. ಒಂದೇ ದರ್ಜೆ, ಒಂದೇ ಸೇವಾವಧಿಯವರಿಗೆ ಒಂದೇ ವಿಶ್ರಾಂತಿವೇತನ ಎಂಬ ಬೇಡಿಕೆಗಾಗಿ 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆಯಿತು. ಅದೇ ವರ್ಷದ ನವೆಂಬರ್ 7ರಂದು ಆದೇಶ ಹೊರಬಿದ್ದಿತು. ಐದು ವರ್ಷಗಳಿಗೊಮ್ಮೆ ಮಾತ್ರ ಪರಿಷ್ಕರಣೆಯೆಂಬ ಅಂಶವನ್ನು ಮಾಜಿ ಸೈನಿಕರು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು 2022ರ ಮಾರ್ಚ್ 16ರಂದು ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು. ಪರಿಷ್ಕರಣೆಯ ಬಾಕಿ ಹಣ ತಡವಾದಾಗ, 2023ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು ಕುಟುಂಬ ಪಿಂಚಣಿದಾರರಿಗೂ ಶೌರ್ಯಪದಕ ಪಡೆದವರಿಗೂ ಮೊದಲು, 70 ವರ್ಷ ಮೀರಿದವರಿಗೆ ಆಮೇಲೆ, ಉಳಿದವರಿಗೆ 2024ರ ಫೆಬ್ರವರಿಯೊಳಗೆ ಕಂತುಗಳಲ್ಲಿ ಹಣ ಸಲ್ಲಬೇಕೆಂದು ಕಾಲಮಿತಿ ಗೊತ್ತುಪಡಿಸಿತು.

ರಾಜ್ಯಕ್ಕೆ ಅನೇಕ ಹೊಣೆಗಳಿವೆ; ಕ್ಷಾಮ, ನೀರಾವರಿ, ಶಿಕ್ಷಣಗಳ ಖರ್ಚನ್ನು ಸೈನಿಕನ ಋಣಕ್ಕೆ ಎದುರಾಗಿ ನಿಲ್ಲಿಸುವುದು ಸರಿಯಲ್ಲ. ರಂಗಾಚಾರ್ಲು ಅವರ ಮಿತವ್ಯಯವನ್ನು ಕ್ಷಾಮದ ಹಿನ್ನೆಲೆಯಲ್ಲಿಯೇ ಅಳೆಯಬೇಕು. ಆದರೆ ಮೇಲಿನ ಅವಲೋಕನದಿಂದ ಎರಡು ಸಂಗತಿಗಳು ಸ್ಥಿರಪಡುತ್ತವೆ. ಮೊದಲನೆಯದಾಗಿ, ತಪ್ಪಿದರೆ ದಂಡನೆಯುಂಟೆಂಬ ಋಣವನ್ನು ರಾಜ್ಯವು ಮೊದಲು ತೀರಿಸಿತು. ನಂಬಿಕೆಯ ಮೇಲೆ ನಿಂತ ಋಣವನ್ನು ಕೊನೆಗೆ ಉಳಿಸಿತು. 1831ರಲ್ಲಿ ಪೊಗದಿ ಸಂದು ಸಂಬಳ ನಿಂತುದು ಇದಕ್ಕೆ ಪ್ರಬಲ ಸಾಕ್ಷ್ಯ. ಎರಡನೆಯದಾಗಿ, ಸೇವೆಯ ಬಳಿಕ ಸೈನಿಕನಿಗೆ ಊರಿನಲ್ಲಿ ಒಂದು ನೆಲೆ ಕಲ್ಪಿಸಿದ ಪೂರ್ಣಯ್ಯನವರ ಏರ್ಪಾಡು, ಅದಕ್ಕೆ ಹಣ ಸಲ್ಲುತ್ತಿದ್ದಷ್ಟು ಕಾಲ ನಾಡಿನ ಶಾಂತಿಗೆ ನೆರವಾಯಿತು. ಬೂದಿಕೋಟೆಯ ವಿಧವೆಯಿಂದ ಮೊದಲ್ಗೊಂಡು ಕುಟುಂಬ ಪಿಂಚಣಿದಾರರ ವರೆಗೆ ಕಾಲ, ಆಡಳಿತ, ಕಾನೂನುಗಳೆಲ್ಲ ಬದಲಾಗಿವೆ. ಅಬ್ಬಾಸ್ ಕುಲಿಯ ಮುಂದೆ ಆ ವಿಧವೆಗೆ ದೂರು ಹೇಳಿಕೊಳ್ಳಲು ಇನ್ನೊಂದು ಬಾಗಿಲಿರಲಿಲ್ಲ; ಇಂದಿನ ಸೈನಿಕನ ಮನೆಯವರಿಗೆ ನ್ಯಾಯಾಲಯವಿದೆ. ಈ ದೀರ್ಘ ಚರಿತ್ರೆಯಲ್ಲಿ ಸೈನಿಕನಿಗಾದ ನಿಜವಾದ ಲಾಭ ಇದೇ ಎನ್ನಬಹುದು.